ಕಸದ ಬುಟ್ಟ್ಯಾಗಿನ ದನಿ

ನಿನ್ನೆ ಆ ಹಳೇ ಕಂಪ್ಯೂಟರ್ ಡಬ್ಬಿ ಬಿಚ್ಚಿದೆ. ಫ್ಯಾನಿನ ಧೂಳು ಹಾರಿ ಮೂಗಿಗಿ ಬಡೀತು. ಮೆಣಸಿನಕಾಯಿ ಘಾಟು! ಆರು ಸಲ ಸೀನಿದೆ. ವೈನಿ ಬ್ಯಾಡಗಿ ಮನಿ, ಮೆಣಸಿನಕಾಯಿ ಮಾರ್ಕೆಟ್ಟಿನ ಬಾಜೂಕ... ವೈನಿ ಎದುರಿಗಿ ಬಂದು ನಿಂತಂಗಾತು.

ವೈನಿ ಅಂದ್ರ ನಮ್ಮಣ್ಣನ ಹೆಂಡ್ತಿ. ಅಣ್ಣ ತೀರಿಕೊಂಡ ಮ್ಯಾಲ ಆ ಕಂಪ್ಯೂಟರ್ ಆಕೀದಾತು, ಅದರ ಡಾಕ್ಟರ್ ನಾ ಆದೆ. ಹಾವೇರ್ಯಾಗ ಕುರ್ಚಿ ಬಿಟ್ಟು ಏಳದನ ರಾಣೆಬೆನ್ನೂರು, ಬ್ಯಾಡಗಿ ಬೀಗರ ಮಷೀನೆಲ್ಲಾ ರಿಪೇರಿ ಮಾಡಿದಾಂವ ನಾ, ಸುಳ್ಳಲ್ಲ! ವೈನಿ ತನ್ನ ಸ್ಕ್ರೀನಿನ ಮ್ಯಾಲ ಬಂದ ನಂಬರ್ ಫೋನಿನ್ಯಾಗ ಓದಿ ಹೇಳಿದ್ರ ಸಾಕು, ಆಕಿ ಸ್ಕ್ರೀನು ನನ್ನ ಮುಂದ ಬರ್ತಿತ್ತು. ಕೂಡ್ಲೆ ನನ್ನ ಆಟ ಚಾಲೂ. ಆಕಿ ಬಾಣದ ಗುರ್ತು ಬಲಕ್ಕ ಎಳದ್ರ ನಾ ಎಡಕ್ಕ ಎಳೀತಿದ್ದೆ. ಒಮ್ಮೆ ಮೊಮ್ಮಗಳ ಫೋಟೋ ತಲಿಕೆಳಗ ಮಾಡಿಟ್ಟೆ.

"ಭಾಡ್ಯಾ, ಕೈ ತಗಿಯೋ! ಮುದುಕ ಆದ್ರೂ ಬುದ್ಧಿ ಬರಲಿಲ್ಲ ನಿನಗ" ಅಂತ ಬೈದು, ತಾನ ನಗತಿದ್ಲು.

ಒಂದಿನ ಮಷೀನು ಭಾಳ ನಿಧಾನ ಆಗೇತಿ ಅಂದ್ಲು. ಹತ್ತ ನಿಮಿಷದಾಗ ಹಗುರ ಮಾಡಿಕೊಟ್ಟೆ. ಬ್ಯಾಡಾದ್ದೆಲ್ಲಾ ತಗದೆ, ಸ್ಕ್ರೀನಿನ ಮೂಲ್ಯಾಗಿನ ಕಸದ ಬುಟ್ಟೀನೂ ಖಾಲಿ ಮಾಡಿದೆ. "ನೋಡ್ರಿ ವೈನಿ, ಹೆಂಗ ಕುದುರಿ ಓಡಿದಂಗ ಓಡತೈತಿ!" ಅಂತ ಜಂಬ ಕೊಚ್ಚಿದೆ.

ಮರುದಿನ ಫೋನು. "ನಿಮ್ಮಣ್ಣನ ದನಿ ಎಲ್ಲಿಟ್ಟಿ?"

ಮೈಕು ಚಾಲೂ ಐತೋ ಇಲ್ಲೋ ನೋಡಾಕ ಅಣ್ಣ ಒಮ್ಮೆ ನಾಕು ನಿಮಿಷ ಮಾತಾಡಿ ರೆಕಾರ್ಡ್ ಮಾಡಿದ್ದ. ಕೆಮ್ಮಿದ್ದ, ಚಾ ಬೇಕಂತ ವೈನಿನ್ನ ಕೂಗಿದ್ದ. ಅಣ್ಣಂದು ಅಂತ ಉಳದದ್ದು ಅಷ್ಟ. ನಾ ಚ್ಯಾಷ್ಟಿ ಮಾಡಿ ಎಲ್ಲಿ ಕೆಡಸ್ತೇನೋ ಅಂತ ವೈನಿ ಅದನ್ನ ಕಸದ ಬುಟ್ಟ್ಯಾಗ ಮುಚ್ಚಿಟ್ಟಿದ್ಲು. ಬೇಕಾದಾಗ ಹೊರಗ ತಗದು ಕೇಳಿ, ಮತ್ತ ಅಲ್ಲೇ ಹಾಕತಿದ್ಲಂತ. ಮೋಟೆಬೆನ್ನೂರಿನ ಆಕಿ ತವರಮನ್ಯಾಗ ಪರಊರಿಗಿ ಹೊಂಟ್ರ ಬಂಗಾರ ಇಡತಿದ್ದದ್ದು ಹರಕ ಕಸದ ಬುಟ್ಟಿ ತಳದಾಗ. ಕಸಕ್ಕ ಯಾವ ಕಳ್ಳನೂ ಕೈ ಹಾಕಂಗಿಲ್ಲ ಅಂತ.

ನಾ ಹಾಕಿದ್ದೆ...

ಖರೇ ಹೇಳಿದೆ. ನಂಬಲಿಲ್ಲ. "ಸಾಕ ಬಿಡೋ ನಿನ್ನ ಚ್ಯಾಷ್ಟಿ. ಕೊಟ್ಟುಬಿಡು." ದಿನಾ ಅದ ಫೋನು. ಕಂಡಕಂಡ ಸಾಫ್ಟ್‌ವೇರ್ ಹಾಕಿ ಹುಡುಕಿದೆ, ತಿಳದವರ ಕಾಲು ಹಿಡದೆ. ಸಿಗಲಿಲ್ಲ. ಬ್ಯಾಡಗಿಗೆ ಹೋಗಿ ಆಕಿ ಮುಂದ ಕುಂತು ಅತ್ತೆ. "ಛಲೋ ಅಳ್ತಿ. ಈಗರ ಕೊಡು" ಅಂದ್ಲು.

ಕಡೀಕ ದವಾಖಾನ್ಯಾಗ ನನ್ನ ಕೈ ಹಿಡದು, "ಇವತ್ತರ ಕೇಳಸೋ, ತಮ್ಮಾ..." ಅಂದ್ಲು. ಊರ ಮಂದಿ ದನಿಯೆಲ್ಲಾ ತಗದು ನಗಸಿದಾಂವ ನಾ. ಅಣ್ಣನಂಗ ಒಮ್ಮೆ ಕೂಗೂಣಂತ ಬಾಯಿ ತೆರದೆ. ದನಿ ಬರಲೇ ಇಲ್ಲ.

ವೈನಿ ಹೋದ ಮ್ಯಾಲ ಈಗ ಆ ಡಬ್ಬಿ ನನ್ನ ಮನ್ಯಾಗೈತಿ. ಮುಂಜಾನಿಂದ ಮತ್ತ ಹುಡುಕಾಕತ್ತೇನಿ. ಸಿಗಂಗಿಲ್ಲಂತ ಗೊತ್ತೈತಿ, ಕೈ ಕೇಳವಲ್ದು. ಅಣ್ಣ ಚಾಕ್ಕ ಹೆಂಗ ಕೂಗತಿದ್ದ ಅಂತ ನನಗ ನೆನಪಾಗವಲ್ದು. ನೆನಪಿದ್ದಾಕಿ ಆಕಿ ಒಬ್ಬಾಕಿ ಇದ್ಲು.