ಹದಿನಾಲ್ಕು ನೋಟ್‌ಬುಕ್ಕುಗಳಿಗೆ ಉತ್ತರ

ನಮ್ಮ ಶಾಲೆಯಲ್ಲಿ ಅವಳನ್ನು ಮಕ್ಕಳೂ ಮೇಷ್ಟ್ರುಗಳೂ ಗ್ಲೋಬ್ ಮಿಸ್ ಎಂದೇ ಕರೆಯುತ್ತಿದ್ದರು. ಆರರಿಂದ ಎಂಟನೇ ತರಗತಿವರೆಗೆ ಭೂಗೋಳ ಅವಳದು. ಸ್ಟಾಫ್ ರೂಮಿನಲ್ಲಿ ಅವಳ ಪಕ್ಕದ ಮೇಜು ನನ್ನದು, ನಾನು ಗಣಿತದವಳು. ಹಾಗಾಗಿ ನಡೆದದ್ದರಲ್ಲಿ ಬಹುಪಾಲು ನಾನೇ ಕಂಡದ್ದು.

ನಕ್ಷೆ ತೂಗುಹಾಕಿ ಕೋಲಿನಿಂದ ತೋರಿಸಿ ಮುಗಿಸುವ ಪೈಕಿ ಅವಳಲ್ಲ. "ನೀನು ಈ ಜಾಗದಲ್ಲಿ ಹುಟ್ಟಿದ್ರೆ ಬೆಳಿಗ್ಗೆ ಎದ್ದು ಏನು ಕಾಣ್ತಿತ್ತು? ನೀರು ಎಲ್ಲಿಂದ ಬರ್ತಿತ್ತು? ನಿಮ್ಮಜ್ಜಿ ಯಾವುದಕ್ಕೆ ಬೈತಿದ್ರು?" ಎಂದು ಕೇಳುವಳು. ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದವು. ಹಡಗಿನಲ್ಲಿ ದುಡಿದು ಬಂದವರು, ಹೊರದೇಶದಲ್ಲಿ ನರ್ಸ್ ಆಗಿದ್ದವರು ಊರಲ್ಲಿ ಯಾರೇ ಇರಲಿ, ಮನೆ ಹುಡುಕಿಕೊಂಡು ಹೋಗಿ ಕೇಳಿ ಬರೆದುಕೊಂಡು ಬರುವಳು. ಹನ್ನೊಂದು ವರ್ಷದಲ್ಲಿ ಹದಿನಾಲ್ಕು ನೋಟ್‌ಬುಕ್ ತುಂಬಿದ್ದವು. ಹೊಲಿಗೆ ಕೆಲಸ ಮಾಡುವ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿ ಅವಳ ವಾಸ. "ಬೇರೆಯವರು ಮಕ್ಕಳನ್ನ ಸಾಕ್ತಾರೆ, ಇವಳು ನೋಟ್‌ಬುಕ್ ಸಾಕ್ತಾಳೆ" ಎಂದು ಅಕ್ಕ ನಗುತ್ತಿದ್ದಳು.

ಹೊಸದಾಗಿ ಬಂದ ಹೆಡ್‌ಮಾಸ್ಟರು ಒಂದು ದಿನ, "ಒಂದು ವಾರದ ಮಟ್ಟಿಗೆ ಕೊಡಿ ಮೇಡಂ, ಓದಿ ಕೊಡ್ತೀನಿ" ಎಂದು ಅಷ್ಟನ್ನೂ ತೆಗೆದುಕೊಂಡು ಹೋದರು. ಅವಳು ಕೇಳಿಕೊಂಡು ಅವರ ಕೋಣೆಗೆ ಅಲೆದಲೆದು ವಾರ ಹೋಗಿ ಎಂಟು ತಿಂಗಳಾಯಿತು. ಕೊನೆಗೆ ಬಂದದ್ದು ನೋಟ್‌ಬುಕ್ಕುಗಳಲ್ಲ, ಹೆಡ್‌ಮಾಸ್ಟರ ಹೆಸರು ಹೊತ್ತ ಪಠ್ಯಪುಸ್ತಕ. ಹಿಂದಿನ ರಟ್ಟಿನ ಮೇಲೆ ಅವರ ನಗುಮುಖದ ಫೋಟೋ.

ಗ್ಲೋಬ್ ಮಿಸ್ ನಿಂತುಕೊಂಡೇ ಅದನ್ನು ಓದಿದಳು. ವಾಕ್ಯಗಳು ಅವಳವು, ಬೈಯುವ ಅಜ್ಜಿಯೂ ಅವಳದೇ. ಪುಟ ಸಾಲದೆಂದು ಕತ್ತರಿಸಿದ ಕಡೆ ಮಾತ್ರ ಹೆಡ್‌ಮಾಸ್ಟರು ಸ್ವಂತ ಬುದ್ಧಿ ತುರುಕಿದ್ದರು. ಮರುಭೂಮಿಯವರು ಬಿಸಿಲಿಗೆ ಸೋಮಾರಿಗಳಂತೆ. ಮಂಗೋಲಿಯದ ಮಕ್ಕಳಿಗೆ ಕುದುರೆ ಗೊತ್ತೇ ಹೊರತು ಅಕ್ಷರ ಗೊತ್ತಿಲ್ಲವಂತೆ.

ನೇರವಾಗಿ ಹೋಗಿ ಕೇಳಿದಳು. "ಜ್ಞಾನ ಯಾರಪ್ಪನ ಆಸ್ತಿನೂ ಅಲ್ಲ ಮೇಡಂ" ಎಂದರು ಅವರು. "ಸಹೋದ್ಯೋಗಿಗಳಿಗೆ ಕೃತಜ್ಞತೆ ಅಂತ ಮುನ್ನುಡಿಯಲ್ಲಿ ಹಾಕಿದೀನಲ್ಲ? ನೋಟ್‌ಬುಕ್ ಎಲ್ಲೋ ಇರ್ಬೇಕು, ಹುಡುಕಿಸೋಣ."

ಅವತ್ತು ಸಂಜೆ ಅವಳ ಜೊತೆ ನಾನೂ ಮನೆಗೆ ಹೋಗಿದ್ದೆ. ಅಕ್ಕ ಮಷೀನು ನಿಲ್ಲಿಸಿ, "ಬಿಟ್ಬಿಡೇ, ದೇವರು ನೋಡ್ಕೋತಾನೆ" ಎಂದಳು.

"ಅವನಿಗೆ ಭೂಗೋಳ ಬರಲ್ಲ ಅಕ್ಕ. ನಾನೇ ನೋಡ್ಕೋತೀನಿ."

ಮರುದಿನದಿಂದ ಆ ಪುಸ್ತಕವನ್ನೇ ಹಿಡಿದು ಪಾಠ ಶುರುಮಾಡಿದಳು. ಯಾವ ಜನರ ಬಗ್ಗೆ ಪಾಠವಿದೆಯೋ ಆ ದೇಶದ ಶಾಲೆಯೊಂದಕ್ಕೆ ಮಕ್ಕಳಿಂದಲೇ ಇಂಗ್ಲಿಷಿನಲ್ಲಿ ಕಾಗದ ಬರೆಸಿದಳು: ನಿಮ್ಮ ಬಗ್ಗೆ ನಮ್ಮ ಪುಸ್ತಕದಲ್ಲಿ ಹೀಗಿದೆ, ನಿಜವೇ? ಜೊತೆಗೆ ಆ ಸಾಲುಗಳನ್ನೂ ಅನುವಾದಿಸಿ ಇಟ್ಟಳು. ಮೂವತ್ತು ಕಾಗದ ಹೋದವು. ಮಕ್ಕಳಿಗೆ ಅದು ಆಟ. ಅವಳಿಗೆ ಏನೆಂದು ನನಗೊಬ್ಬಳಿಗೆ ಗೊತ್ತಿತ್ತು. "ಇದನ್ನ ಯೋಚಿಸಿದಾಗ ಮಾತ್ರ ಕಣೆ ಊಟ ಗಂಟಲಲ್ಲಿ ಇಳಿಯೋದು" ಎಂದಿದ್ದಳು. ಉತ್ತರಗಳು ಒಂದೊಂದೇ ಬಂದವು, ಅವನ್ನು ಅವಳು ಕನ್ನಡಕ್ಕೆ ಇಳಿಸಿಟ್ಟಳು. ಹೆಡ್‌ಮಾಸ್ಟರಿಗೆ ಗೊತ್ತಾದಾಗ ಅವರು ಹಿಗ್ಗಿ ಹೀರೇಕಾಯಿಯಾದರು. ಪುಸ್ತಕದ ಎರಡನೇ ಮುದ್ರಣದ ಬಿಡುಗಡೆಗೆ ಶಿಕ್ಷಣಾಧಿಕಾರಿ ಬರುವವರಿದ್ದರು. "ಆವತ್ತು ನಾಲ್ಕು ಓದಿಸಿ ಮೇಡಂ, ಚೆನ್ನಾಗಿರುತ್ತೆ" ಎಂದರು. ಓದಿ ನೋಡುವ ಗೋಜಿಗೆ ಹೋಗಲಿಲ್ಲ.

ಆ ದಿನ ಮೊದಲ ಮೂರು ಕಾಗದಗಳಲ್ಲಿ ಬರೀ ಹವೆ, ಆಟ, ತಮ್ಮತಂಗಿಯರ ಸುದ್ದಿ. ಸಭೆಗೆ ಖುಷಿಯಾಯಿತು. ನಾಲ್ಕನೆಯದನ್ನು ಓದಲು ಗ್ಲೋಬ್ ಮಿಸ್ ಏಳನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದು ಅಲ್ಲೇ ಕೈಗೆ ಕೊಟ್ಟಳು. ಅವಳು ಹೆಡ್‌ಮಾಸ್ಟರ ಮಗಳು. ಹುಡುಗಿ ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದಳು.

"ಮಂಗೋಲಿಯದವರಿಗೆ ಅಕ್ಷರ ಗೊತ್ತಿಲ್ಲ ಎಂದು ನಿಮ್ಮ ಪುಸ್ತಕದಲ್ಲಿದೆಯಂತೆ. ಅದನ್ನು ಓದಿಯೇ ಈ ಕಾಗದ ಬರೆಯುತ್ತಿದ್ದೇನೆ. ನಮ್ಮ ಮನೆ ಐದನೇ ಮಹಡಿಯಲ್ಲಿದೆ. ನಾನು ಕುದುರೆ ಹತ್ತಿದ್ದು ಒಂದೇ ಸಲ, ಆಗಲೂ ಬಿದ್ದೆ. ಆ ಪುಸ್ತಕ ಬರೆದವರು ನಮ್ಮ ದೇಶಕ್ಕೆ ಯಾವಾಗ ಬಂದಿದ್ದರು? ಕೇಳಿ ತಿಳಿಸುತ್ತೀಯಾ?"

ಹಿಂದಿನ ಸಾಲಿನಿಂದ ನಗು ಎದ್ದಿತು. ಹುಡುಗಿ ತಲೆ ಎತ್ತಿ ಅಪ್ಪನ ಕಡೆ ನೋಡಿದಳು. ಅಧಿಕಾರಿಯೂ ನಗುತ್ತಲೇ, "ಯಾವಾಗ ಹೋಗಿದ್ರಿ ಸಾರ್?" ಎಂದರು.

ಹೆಡ್‌ಮಾಸ್ಟರ ಮುಖ ಇಂಗು ತಿಂದ ಮಂಗನಂತಾಯಿತು. "ಅದು... ಆ ಪಾಠ ನಾನು ಬರೆದಿದ್ದಲ್ಲ. ಈ ಮೇಡಂ ಬರೆದುಕೊಟ್ಟಿದ್ದು. ನಂಬಿ ಕೆಟ್ಟೆ."

ಗ್ಲೋಬ್ ಮಿಸ್ ನಿಧಾನವಾಗಿ ಎದ್ದು ನಿಂತಳು. "ಹಾಗಾದ್ರೆ ನಾನು ಬರೆದಿದ್ದೇನು ಅಂತ ಎಲ್ಲರೂ ನೋಡ್ಲಿ. ನನ್ನ ಹದಿನಾಲ್ಕು ನೋಟ್‌ಬುಕ್ ತಮ್ಮ ಹತ್ರನೇ ಇದಾವೆ ಸಾರ್. ತರಿಸಿ."

ಅಧಿಕಾರಿ ನಗು ನಿಲ್ಲಿಸಿ ಹೆಡ್‌ಮಾಸ್ಟರ ಕೋಣೆಯ ಬೀರುವಿನ ಬೀಗದ ಕೈ ಕೇಳಿ ತೆಗೆಸಿದರು; ಹದಿನಾಲ್ಕೂ ಅದರಲ್ಲೇ ಇದ್ದವು. ಅಲ್ಲೇ, ಎಲ್ಲರೆದುರು, ಪುಸ್ತಕವನ್ನೂ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟುಕೊಂಡು ಪುಟ ತಿರುವಿದರು. ಸಾಲಿಗೆ ಸಾಲು ಒಂದೇ. ಕುದುರೆ, ಅಕ್ಷರದ ಮಾತು ಮಾತ್ರ ನೋಟ್‌ಬುಕ್ಕಿನಲ್ಲಿ ಎಲ್ಲೂ ಇಲ್ಲ. ಬಿಡುಗಡೆ ಆಗಲಿಲ್ಲ. ತಿಂಗಳೊಳಗೆ ಪುಸ್ತಕ ಹಿಂದಕ್ಕೆ ಹೋಯಿತು, ಹೆಡ್‌ಮಾಸ್ಟರಿಗೆ ಆ ಹುದ್ದೆ ಹೋಗಿ ದೂರದ ಶಾಲೆಗೆ ವರ್ಗವಾಯಿತು.

ಗ್ಲೋಬ್ ಮಿಸ್ ಉಬ್ಬಿದ್ದನ್ನು ಮುಚ್ಚಿಡಲಿಲ್ಲ. ಸಭೆ ಮುರಿದ ಆ ಮಧ್ಯಾಹ್ನ ತನ್ನ ಡಬ್ಬಿ ಖಾಲಿ ಮಾಡಿ ನನ್ನ ಡಬ್ಬಿಗೂ ಕೈಹಾಕಿದಳು. ಹೆಡ್‌ಮಾಸ್ಟರು ಸಾಮಾನು ಕಟ್ಟುವ ದಿನ ಬೇಕೆಂದೇ ಅವರ ಕೋಣೆ ಮುಂದೆ ಮೂರು ಸಲ ಓಡಾಡಿದಳು. "ಸಾಕು ಮಾರಾಯ್ತಿ" ಎಂದರೆ, "ಎಂಟು ತಿಂಗಳು ಅವರು ನನ್ನ ಓಡಾಡಿಸಿಲ್ವಾ?" ಎಂದಳು.

ಟಿ.ಸಿ. ತೆಗೆದುಕೊಂಡು ಹೋಗಲು ಬಂದ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಒಳಗೆ ನಾವಿಬ್ಬರೇ ಇದ್ದೆವು.

"ಮಿಸ್, ಆ ಕಾಗದ ನಂಗೇ ಯಾಕೆ ಕೊಟ್ರಿ?"

"ನೀನು ಚೆನ್ನಾಗಿ ಓದ್ತೀಯಲ್ಲಮ್ಮ, ಅದಕ್ಕೆ."

"ಸುಳ್ಳು" ಎಂದಳು ಹುಡುಗಿ. ಅಳಲಿಲ್ಲ. ತಿರುಗಿ ಮೆಟ್ಟಿಲಿಳಿದು ಹೋದಳು.

ಗ್ಲೋಬ್ ಮಿಸ್ ಕಿಟಕಿಗೆ ಹೋಗಿ ಅವಳು ಗೇಟು ದಾಟುವವರೆಗೂ ನೋಡಿದಳು. ನಾನೇ ಕೇಳಿದೆ, "ಬೇಜಾರಾಯ್ತಾ?"

"ಅವರಪ್ಪನಿಗೆ ಮಾಡಿದ್ದಕ್ಕೆ ಒಂದು ಚೂರೂ ಇಲ್ಲ. ನಾಳೆ ಬಂದ್ರೂ ಇನ್ನೊಂದ್ಸಲ ಮಾಡ್ತೀನಿ" ಎಂದಳು. ಆಮೇಲೆ ದನಿ ಇಳಿಸಿ, "ಕಾಗದ ಮಾತ್ರ ಬೇರೆಯವರ ಕೈಗೆ ಕೊಡ್ಬೇಕಿತ್ತು" ಎಂದಳು.