ಚನ್ನವ್ವನ ಹೂಂ

ಗೊಳಸಂಗಿಯಲ್ಲಿ ಮದುವೆಯ ಅಡುಗೆ ಒಲೆಯ ಮೇಲೆ ಬೆಂದರೆ ಸಾಲದು, ಚನ್ನವ್ವನ ನಾಲಿಗೆಯನ್ನೂ ದಾಟಬೇಕು. ಅಡುಗೆಯ ಕಾಂತು ಸೌಟು ಹಿಡಿದು ಬಂದು ಅವಳ ಅಂಗೈಗೆ ಇಷ್ಟು ಸಾರು ಬಿಡುತ್ತಾನೆ. ಅವಳು ಕಣ್ಣು ಮುಚ್ಚಿ, ನೆಕ್ಕಿ, ಆಕಾಶ ನೋಡಿ, ಕೊನೆಗೆ "ಹೂಂ" ಅನ್ನುತ್ತಾಳೆ. ಆಮೇಲೆಯೇ ಪಂಕ್ತಿ ಕೂಡುವುದು. ಪಟ್ಟಣದವರು ಇದಕ್ಕೆ ಎಂಡಾರ್ಸ್‌ಮೆಂಟ್ ಅನ್ನುತ್ತಾರೆ. ಈ ಊರಿನಲ್ಲಿ ಚನ್ನವ್ವನ ಹೂಂ ಅಂದರೆ ಸಾಕು. ಆ ಅಧಿಕಾರ ಅವಳಿಗೆ ಯಾರು ಕೊಟ್ಟರೋ ಯಾರಿಗೂ ನೆನಪಿಲ್ಲ, ಅವಳನ್ನು ಕೇಳುವ ಧೈರ್ಯವೂ ಇಲ್ಲ.

ಪ್ಯಾಕೆಟ್ಟಿನ ಮೇಲೆ ಹಾಕಲು ಹೆಣ್ಣುಮಗಳೊಬ್ಬಳ ಫೋಟೋ ಬೇಕಾದಾಗ ಇಂಡಿ ಊರಿನ ಉಪ್ಪಿನಕಾಯಿ ಕಾರ್ಖಾನೆಯವನು ನೇರ ಚನ್ನವ್ವನ ಮನೆಗೇ ಬಂದ. ತಟ್ಟನೆ ಒಪ್ಪಿದರೆ ಹೂಂಗೆ ಏನು ಬೆಲೆ ಉಳಿದೀತು?

"ಇಟ್ಟು ಹೋಗ್ರಿ. ತಿಂದು, ವಿಚಾರ ಮಾಡಿ ಹೇಳ್ತೇನಿ," ಎಂದಳು.

ಅವನಿಗೆ ಬಸ್ಸಿನ ಅವಸರ. ಮಗ್ಗುಲ ಮನೆಯ ಕಸ್ತೂರೆವ್ವ ಪ್ಯಾಕೆಟ್ಟು ಒಡೆಯುವ ಮೊದಲೇ ಹಲ್ಲು ತೋರಿಸಿ ನಿಂತಳು.

ಈಗ ಆ ಹಲ್ಲು ಅಂಗಡಿ ಅಂಗಡಿಯ ಮುಂದೆ ಸಾಲಾಗಿ ತೂಗಾಡುತ್ತಿತ್ತು. ಕೆಳಗೆ 'ಕಸ್ತೂರೆವ್ವ ಮೆಚ್ಚಿದ ನಿಂಬೆ ಉಪ್ಪಿನಕಾಯಿ.'

"ಆಕಿ ಏನ್ ಮೆಚ್ಚಾಕಿ! ಆಕಿ ಹಾಕಿದ ಉಪ್ಪಿನಕಾಯಿ ಯುಗಾದಿ ಮುಟ್ಟೂದ್ರಾಗ ಬೂಷ್ಟು ಹಿಡೀತೈತಿ," ಎಂದು ಚನ್ನವ್ವ ಗಂಡನ ಮುಂದೆ ಹಾರಾಡಿದಳು. "ಫೋಟೋದಾಗ ಕೂದಲಕ್ಕ ಬಣ್ಣ ಹಚ್ಯಾರ. ಮೂಗಬಟ್ಟೂ ದೊಡ್ಡದು ಮಾಡ್ಯಾರ."

"ಅಷ್ಟು ಹತ್ತರದಿಂದ ನೋಡೀಯೇನು?" ಅಂದ ರಾಚಪ್ಪ. ಅಂದು ಅವನಿಗೆ ತಂಗಳು ರೊಟ್ಟಿ.

ಬಾಗೇವಾಡಿ ಬಸ್ಸಿನಲ್ಲಿ ಯಾರೋ ಕಸ್ತೂರೆವ್ವನ ಗುರುತು ಹಿಡಿದು, ಎದ್ದು ಸೀಟು ಕೊಟ್ಟರಂತೆ. ಆ ಸುದ್ದಿ ಬಂದ ಮೇಲೆ ಚನ್ನವ್ವನಿಗೆ ಊಟ ರುಚಿಸಲಿಲ್ಲ. ನಾಲಿಗೆಯೇ ಬಂಡವಾಳವಾದವಳಿಗೆ ಇದು ಸಣ್ಣ ಸಂಗತಿಯಲ್ಲ.

ಮುಂದಿನ ಮದುವೆಯಲ್ಲಿ ಕಾಂತು ಅದೇ ಪ್ಯಾಕೆಟ್ಟುಗಳನ್ನು ಕತ್ತರಿಸಿ ಬೋಗುಣಿಗೆ ಸುರಿದು, ಸೌಟೆತ್ತಿ ಚನ್ನವ್ವನ ಕಡೆ ತಿರುಗಿದ. ಕಸ್ತೂರೆವ್ವ ಅಡ್ಡ ಬಂದಳು.

"ಪ್ಯಾಕೆಟ್ಟಿನ ಮ್ಯಾಲ ನನ್ನ ಮಾರೀನ ಐತಿ. ಮತ್ತ ಚನ್ನಕ್ಕ ಯಾಕ ನೋಡಬೇಕು? ಬಡಸ್ರಿ, ಕಾಂತಣ್ಣ."

ಯಾರೋ "ಹೌದಲ್ಲ" ಅಂದರು. ಇಷ್ಟು ವರ್ಷದ ದೊಡ್ಡಸ್ತಿಕೆ ಬೋಗುಣಿಯ ಜೊತೆ ತನ್ನನ್ನು ದಾಟಿ ಹೋಗುವುದು ಚನ್ನವ್ವನಿಗೆ ಕಂಡಿತು. ಅಂಗೈ ಮುಂದೆ ಚಾಚಿದಳು.

"ಹಾಕೋ ಕಾಂತು."

ಥೂ ಎಂದು ಉಗುಳಬೇಕೆಂದು ಮನೆಯಿಂದಲೇ ನಿಶ್ಚಯಿಸಿ ಬಂದಿದ್ದಳು. ಉಗುಳಿದರೆ ಬೋಗುಣಿಯೂ ಹೊರಗೆ, ಕಸ್ತೂರೆವ್ವನ ಮಾನವೂ ಹೊರಗೆ. ಆದರೆ ಆ ಹಾಳು ಉಪ್ಪಿನಕಾಯಿ ಚೆನ್ನಾಗಿತ್ತು. ಹೋಳು ಮೆತ್ತಗೆ, ಖಾರ ಹದವಾಗಿ. ಕಾಂತುವೂ ಆಗಲೇ ಬೆರಳು ನೆಕ್ಕಿಕೊಂಡಿದ್ದ. ಈಗ ಅವಳು ಸುಳ್ಳು ಹೇಳಿದರೆ ನಾಳೆ ಸೌಟು ಅವಳ ಹತ್ತಿರ ಬರುವುದಿಲ್ಲ.

ಕಣ್ಣು ಮುಚ್ಚಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆಕಾಶ ನೋಡಿದಳು. ಕಸ್ತೂರೆವ್ವನ ನಗೆ ಒಂದಿಷ್ಟು ಇಳಿಯಿತು. ಅದನ್ನೂ ಚಪ್ಪರಿಸಿ, "ಹೂಂ," ಅಂದಳು. "ಉಪ್ಪಿನಕಾಯಿ ಛಲೋ ಐತಿ. ಬಡಸ್ರಿ."

ಕಸ್ತೂರೆವ್ವ ಅರಳಿದಳು. ಚನ್ನವ್ವ ಖಾಲಿ ಪ್ಯಾಕೆಟ್ಟೊಂದನ್ನು ಎತ್ತಿ, ತಿರುಗಿಸಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಫೋಟೋದಾಗಷ್ಟ ಉಪ್ಪು ಕಡಿಮಿ ಬಿದ್ದೈತಿ."