ಖಾಲಿ ಕೊಡಬಾರದ ಪಾತ್ರೆ

ಡೆಲ್ಫಾ ಮಲ್ಲಿನ್ಸ್ ನಮ್ಮ ಕಣಿವೆಯ ಶಾಲೆಯಲ್ಲಿ ಅಡುಗೆಯವಳು. ಅಮೆರಿಕದ ಕೆಂಟಕಿಯ ಈ ಬೆಟ್ಟಗಳಲ್ಲಿ ಮೀಸೆ ಬಂದವರೆಲ್ಲ ಅವಳ ಕೈಯ ಬೀನ್ಸ್ ಸಾರು ತಿಂದು ಬೆಳೆದವರೇ. ಬೇರೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ಇಲ್ಲಿನ ಕಟ್ಟಳೆ. ಡೆಲ್ಫಾ ಅದನ್ನು ಬೈಬಲಿನ ಹತ್ತು ಆಜ್ಞೆಗಳ ಜೊತೆಗೆ ಹನ್ನೊಂದನೆಯದು ಎಂಬಂತೆ ಪಾಲಿಸುತ್ತಾಳೆ. ಮೊಟ್ಟೆಯೋ ಸೇಬಿನ ಜಾಮೋ ಇಡುತ್ತಾಳೆ, ಏನೂ ಇಲ್ಲದಿದ್ದರೆ ಒಂದು ಹಿಡಿ ಬಿತ್ತನೆ ಬೀಜ.

ಕೆಲವು ವರ್ಷಗಳ ಹಿಂದೆ ಅವಳ ಪಿತ್ತಕೋಶ ತೆಗೆದರು. ಆಸ್ಪತ್ರೆ ಬೆಟ್ಟದಾಚೆ, ಎರಡು ಗಂಟೆಯ ದಾರಿ. ಮತ್ತೆ ಬರುವ ಕಷ್ಟ ಬೇಡವೆಂದು ಸರ್ಜನ್ ಅಫೀಮಿನ ಜಾತಿಯ ನೋವಿನ ಮಾತ್ರೆ ಅರವತ್ತು ಬರೆದ. ಊರಿನ ಔಷಧಿ ಅಂಗಡಿ ನನ್ನದು. ಆಗೆಲ್ಲ ಹಳ್ಳಿಯವರಿಗೆ ಅಂಥ ಚೀಟಿಗಳೇ ಬರುತ್ತಿದ್ದವು. ಅವಳು ನುಂಗಿದ್ದು ಐದಾರು.

ಅವಳ ತಮ್ಮ ವರ್ಲಿನ್ ಕಲ್ಲಿದ್ದಲು ಗಣಿಯಲ್ಲಿ ದುಡಿದು ಬೆನ್ನು ಕೆಡಿಸಿಕೊಂಡವನು. ಅಕ್ಕನಿಗೆಂದು ಅವನು ಒಂದು ಪಾತ್ರೆ ಸಾರು ತಂದ. ಅವಳ ಮನೆಯಲ್ಲಿ ಆ ವಾರ ಕೊಡಲು ಬೇರೇನೂ ಇರಲಿಲ್ಲ. ತೊಳೆದ ಪಾತ್ರೆಯೊಳಗೆ ಉಳಿದ ಮಾತ್ರೆಯ ಸೀಸೆ ಇಟ್ಟು ಕೊಟ್ಟಳು.

ಸೀಸೆ ಮುಗಿಯುವ ಹೊತ್ತಿಗೆ ಅವನಿಗೆ ಬೆನ್ನಿಗಿಂತ ಮಾತ್ರೆಯೇ ದೊಡ್ಡ ಬೇನೆಯಾಗಿತ್ತು. ಕೆಲಸ ಹೋಯಿತು, ಹೆಂಡತಿ ಹೋದಳು. ಈಗ ಅವನು ಕೊಳ್ಳುವುದು ಪೆಟ್ರೋಲ್ ಬಂಕಿನ ಹಿಂದೆ. ಅಲ್ಲಿಯ ಮಾತ್ರೆ ನೋಡಲು ಅಂಗಡಿಯದರ ಹಾಗೇ ಇರುತ್ತದೆ. ಒಳಗೇನಿದೆಯೋ ಮಾರುವವನಿಗೂ ಗೊತ್ತಿಲ್ಲ. ಅದನ್ನು ನುಂಗಿದ ಇಬ್ಬರನ್ನು ಹೋದ ಚಳಿಗಾಲದಲ್ಲಿ ಮಣ್ಣು ಮಾಡಿದೆವು. ಚಟ ಬಿಡಿಸುವ ಕ್ಲಿನಿಕ್ಕಿನಲ್ಲಿ ವರ್ಲಿನ್ ಹೆಸರು ಬರೆಸಿದ್ದೇವೆ, ಕರೆ ಬಂದಿಲ್ಲ.

ಈ ವಸಂತದಲ್ಲಿ ಡೆಲ್ಫಾಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ಶಾಲೆಯ ಹಂಡೆ ಎತ್ತಿದ ಫಲ. ಹೊಸ ಸರ್ಜನ್ ಬರೆದದ್ದು ಆ ಜಾತಿಯ ಎಂಟೇ ಮಾತ್ರೆ. ಜೊತೆಗೆ ಸಾಮಾನ್ಯ ನೋವಿನ ಗುಳಿಗೆ, ಮಿಕ್ಕಿದ್ದನ್ನು ಅಂಗಡಿಗೆ ಹಿಂದಿರುಗಿಸಬೇಕೆಂಬ ಸೂಚನೆ. ಸರಿಯಾದ ಲೆಕ್ಕವೇ. ನಾನೇ ಮನೆಗೆ ಒಯ್ದು ಕೊಟ್ಟು ಬಿಡಿಸಿ ಹೇಳುತ್ತಿದ್ದಾಗ, ವರ್ಲಿನ್ ಸಾರಿನ ಪಾತ್ರೆ ಹಿಡಿದು ಒಳಗೆ ಬಂದ.

"ಏನಕ್ಕ, ಹೊಟ್ಟೆ ಹೊಲಿದ್ರಂತೆ? ಬಾಯಿಗೂ ಎರಡು ಹೊಲಿಗೆ ಹಾಕ್ಸಿದ್ರೆ ಊರಿಗೆ ಉಪಕಾರ ಆಗ್ತಿತ್ತು!"

"ನಗಿಸ್ಬೇಡ್ವೋ ಹಾಳಾದವ್ನೇ, ಕಿತ್ಕೊಂಡ್ಹೋಗುತ್ತೆ!" ಅವಳು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡಳು. ನಗುತ್ತಲೇ ಕಣ್ಣಲ್ಲಿ ನೀರು.

ತಣ್ಣನೆಯ ಬೆಳಗಿನಲ್ಲೂ ಅವನು ಬೆವರುತ್ತಿದ್ದ, ಮೂಗು ಸೋರುತ್ತಿತ್ತು. ಮಾತ್ರೆ ಸಿಗದ ದಿನದ ಗುರುತು.

"ನೋವು ಜಾಸ್ತಿ ಅಂತ ಡಾಕ್ಟ್ರಿಗೆ ಫೋನ್ ಮಾಡಕ್ಕ. ಇನ್ನೊಂದಿಷ್ಟು ಬರ್ಕೊಡ್ತಾರೆ."

"ಸುಳ್ಳು ಹೇಳು ಅಂತೀಯಾ?"

"ಬೇಡ ಬಿಡು." ಅವನು ಬಾಗಿಲ ಕಡೆ ತಿರುಗಿದ. "ಬಂಕ್ ಹತ್ರ ಹೋಗ್ಬರ್ತೀನಿ."

"ಕ್ಲಿನಿಕ್ಕಿಗೆ ಇವತ್ತೇ ಮತ್ತೆ ಫೋನ್ ಮಾಡ್ತೀನಿ ವರ್ಲಿನ್," ಎಂದೆ.

"ನೀವು ಮಾಡ್ತಾನೇ ಇದೀರಲ್ಲ, ಸಾರ್," ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ.

"ನಿಲ್ಲೋ. ಪಾತ್ರೆ ಬಿಟ್ಟು ಎಲ್ಲಿಗೆ ಹೊರಟೆ?"

ಡೆಲ್ಫಾ ದಿಂಬು ಹಿಡಿದೇ ಎದ್ದಳು. ಸಾರನ್ನು ಬೇರೆ ಪಾತ್ರೆಗೆ ಸುರಿದು, ತಂದದ್ದನ್ನು ತೊಳೆದು ಒರೆಸಿದಳು. ಮೇಜಿನ ಮೇಲಿದ್ದ ಸೀಸೆ ತೆಗೆದುಕೊಂಡಳು.

"ಡೆಲ್ಫಾ, ಬೇಡ. ಅದು ಅವನಿಗೆ ನಾಳೆ ತನಕ ಕೂಡ ಬರಲ್ಲ," ಎಂದೆ.

"ಗೊತ್ತು. ಅಲ್ಲೀವರೆಗಾದ್ರೂ ಅವನ ಹೊಟ್ಟೇಲಿ ಏನಿದೆ ಅಂತ ನಂಗೆ ಗೊತ್ತಿರುತ್ತೆ."

ಸೀಸೆ ಪಾತ್ರೆಯ ತಳಕ್ಕೆ ಬಿದ್ದು ಸದ್ದಾಯಿತು. ಕಿತ್ತುಕೊಳ್ಳಬಹುದಿತ್ತು, ಕಿತ್ತುಕೊಂಡರೆ ಅವನು ಹೋಗುವುದು ಬಂಕಿಗೆ. ಮಾತ್ರೆ ಹೆಚ್ಚಾಗಿ ಉಸಿರು ನಿಂತವನ ಮೂಗಿಗೆ ಹೊಡೆದು ಎಬ್ಬಿಸುವ ಸ್ಪ್ರೇ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಅದನ್ನು ತೆಗೆದು ಪಾತ್ರೆಗೆ ಹಾಕಿದೆ.

ವರ್ಲಿನ್ ಅದನ್ನು ಎತ್ತಿ ನೋಡಿದ. "ಇದನ್ನ ನಂಗೆ ಹೊಡೆಯೋರು ಯಾರು ಸಾರ್? ಮನೇಲಿ ನಾನೊಬ್ಬನೇ."

ಮೆಲ್ಲಗೆ ಮತ್ತೆ ಒಳಗಿಟ್ಟು, ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದ. ಡೆಲ್ಫಾಗೆ ಕೆಮ್ಮು ಬಂತು. ಅವಳು ದಿಂಬು ಒತ್ತಿಕೊಂಡು ಕುರ್ಚಿಯ ಬೆನ್ನು ಹಿಡಿದು ನಿಂತಳು.